ಹುಲ್ಲಿನ ಲೆಕ್ಕ: ಅಮೃತ ಮಹಲ್ ಕಾವಲುಗಳ ಕಥೆ

"ಬಯಲಲ್ಲಿ ಹುಲ್ಲು ಮೇದ ದೇಸಿ ಹಸುವಿನ ತುಪ್ಪ" ಅಂತ ಬರೆದಿರೋ ಬಾಟಲಿಗಳನ್ನ ಈಗ ಬೆಂಗಳೂರಿನ ಅಂಗಡಿಗಳಲ್ಲಿ ನೀವೂ ನೋಡಿರ್ತೀರಿ. ಬೆಲೆ ನೋಡಿದ್ರೆ ಬಾಟಲಿಯನ್ನ ಮೆಲ್ಲಗೆ ವಾಪಸ್ ಇಡೋ ಹಾಗಿರುತ್ತೆ, ಅದು ಬೇರೆ ಮಾತು. ನನಗೆ ತಲೆಯಲ್ಲಿ ಉಳಿಯೋದು ಒಂದೇ ಪ್ರಶ್ನೆ: ಯಾವ ಹುಲ್ಲು? ಎಷ್ಟು ಹುಲ್ಲು? ಯಾರ ನೆಲದ ಹುಲ್ಲು?

ಹಸುವಿನ ಬಗ್ಗೆ ನಾವು ಮಾತಾಡೋದು ಕಮ್ಮಿಯೇನಲ್ಲ. ತಳಿಯ ಬಗ್ಗೆ, ಹಾಲಿನ ಬಗ್ಗೆ, ಪೂಜೆಯ ಬಗ್ಗೆ, ರಾಜಕೀಯದ ಬಗ್ಗೆ ದಿನಗಟ್ಟಲೆ ವಾದ ಮಾಡ್ತೀವಿ. ಆದ್ರೆ ಹಸು ತಿನ್ನೋದು ಹುಲ್ಲನ್ನ, ಹುಲ್ಲು ಬೆಳೆಯೋದು ನೆಲದಲ್ಲಿ, ಆ ನೆಲಕ್ಕೂ ಒಂದು ಚರಿತ್ರೆ ಇದೆ ಅನ್ನೋದನ್ನ ಯಾರೂ ಅಷ್ಟಾಗಿ ಹೇಳೋದಿಲ್ಲ. ನಮ್ಮ ಮೈಸೂರು ಸೀಮೆಯಲ್ಲಂತೂ ಆ ಚರಿತ್ರೆ ನಾಲ್ಕು ನೂರು ವರ್ಷದ್ದು, ಕಾಗದ ಪತ್ರ ಸಮೇತ ಇದೆ. ಅದನ್ನ ಒಂದು ತಳಿಯ ನೆಪದಲ್ಲಿ ಹೇಳೋಣ ಅಂತ ಈ ಬರಹ. ತಳಿಯ ಹೆಸರು ಅಮೃತ ಮಹಲ್.

ಮೊದಲು ಸ್ವಲ್ಪ ಲೆಕ್ಕ

ಕಥೆಗೆ ಹೋಗೋ ಮುಂಚೆ ಒಂದು ಚಿಕ್ಕ ಲೆಕ್ಕ ಮಾಡೋಣ. ಬೇಸರ ಮಾಡ್ಕೋಬೇಡಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಮುನ್ನೂರು ಕೆಜಿ ತೂಗೋ ಒಂದು ನಾಟಿ ಹಸುವಿಗೆ ದಿನಕ್ಕೆ ಒಣಗಿದ ಲೆಕ್ಕದಲ್ಲಿ 6-7 ಕೆಜಿ ಮೇವು ಬೇಕು. ಅಂದ್ರೆ ವರ್ಷಕ್ಕೆ ಎರಡು ಟನ್ನಿಗೂ ಮೇಲೆ. ಕಡೂರು, ಹೊಸದುರ್ಗ, ಚಿಕ್ಕನಾಯಕನಹಳ್ಳಿ, ಚಳ್ಳಕೆರೆ ಕಡೆಯ ಬಯಲು ನೆಲದಲ್ಲಿ ಮಳೆ ನಂಬಿ ಬೆಳೆಯೋ ಹುಲ್ಲು ಒಳ್ಳೆ ವರ್ಷದಲ್ಲಿ ಎಕರೆಗೆ ಒಂದು ಟನ್ ಒಣಹುಲ್ಲು ಕೊಟ್ರೆ ಪುಣ್ಯ. ಮಳೆ ಕೈಕೊಟ್ರೆ ಅರ್ಧವೂ ಇಲ್ಲ. ಅಂದ್ರೆ ಬರೀ ಹುಲ್ಲು ಮೇಯಿಸಿ ಒಂದು ಹಸು ಸಾಕೋಕೆ ಎರಡು ಮೂರು ಎಕರೆ ನೆಲ. ಒಂದು ಜೊತೆ ಎತ್ತು, ಒಂದು ಹಸು, ಅದರ ಕರು ಅಂತ ಲೆಕ್ಕ ಹಾಕಿದ್ರೆ ಎಂಟು ಹತ್ತು ಎಕರೆ.

2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಒಂದು ಹಿಡುವಳಿಯ ಸರಾಸರಿ ಗಾತ್ರ 1.36 ಹೆಕ್ಟೇರ್. ಸುಮಾರು ಮೂರೂಕಾಲು, ಮೂರೂವರೆ ಎಕರೆ. ಅಷ್ಟೂ ನೆಲವನ್ನ ಹುಲ್ಲಿಗೇ ಬಿಟ್ರೂ ಒಂದು ಹಸು, ಒಂದು ಕರು. ರಾಗಿ ಎಲ್ಲಿ ಬೆಳೆಯೋದು? ಮನೆಯವರು ಏನು ಉಣ್ಣೋದು?

ಹಾಗಾದ್ರೆ ನಮ್ಮ ಅಜ್ಜಂದಿರ ಕಾಲದಲ್ಲಿ ಮೂರು ಎಕರೆ ಹೊಲ ಇದ್ದ ಮನೆಯಲ್ಲೂ ಒಂದು ಜೊತೆ ಎತ್ತು, ಎರಡು ಹಸು, ಒಂದು ಎಮ್ಮೆ, ನಾಲ್ಕು ಕುರಿ ಹೇಗೆ ಇರ್ತಿದ್ವು?

ಉತ್ತರ ಸುಲಭ. ಆ ದನಗಳು ಆ ಮನೆಯ ಹೊಲದಲ್ಲಿ ಮೇಯ್ತಾ ಇರಲಿಲ್ಲ. ರಾಗಿ ಕುಯ್ದ ಮೇಲೆ ಊರಿನವರೆಲ್ಲರ ಕೂಳೆ ಹೊಲದಲ್ಲಿ, ಬದುವಿನ ಮೇಲೆ, ನೀರಿಳಿದ ಕೆರೆ ಅಂಗಳದಲ್ಲಿ, ಗುಂಡುತೋಪಿನಲ್ಲಿ, ಗೋಮಾಳದಲ್ಲಿ, ಹುಲ್ಲುಬನ್ನಿಯಲ್ಲಿ, ಕಾವಲಿನಲ್ಲಿ ಮೇಯ್ತಾ ಇದ್ವು. ಸಂಜೆ ಕೊಟ್ಟಿಗೆಗೆ ಬಂದ ಮೇಲೆ ಒಂದು ಹೊರೆ ರಾಗಿಹುಲ್ಲು. ನಮ್ಮ ಕಡೂರು ಸೀಮೆಯಲ್ಲಿ ಊರಿಗೊಬ್ಬ ದನ ಕಾಯುವವನು ಇರ್ತಿದ್ದ. ಬೆಳಿಗ್ಗೆ ಮನೆ ಮನೆಯ ದನ ಊರ ಮುಂದಕ್ಕೆ ಬಂದು ಸೇರೋದು, ಹೊಡೆದುಕೊಂಡು ಹೋಗಿ ಸಂಜೆ ತರೋದು. ಕೂಲಿ ಸುಗ್ಗಿಯಲ್ಲಿ ರಾಗಿ ರೂಪದಲ್ಲಿ. ಸಂಜೆ ದನ ಊರೊಳಗೆ ಬಂದ ಮೇಲೆ ಪ್ರತಿ ಹಸುವೂ ತನ್ನ ಮನೆ ಬಾಗಿಲಿಗೆ ತಾನೇ ತಿರುಗೋದನ್ನ ನೋಡಿದವರಿಗೆ ನಾನು ಹೆಚ್ಚೇನೂ ಹೇಳಬೇಕಿಲ್ಲ.

ಅಂದ್ರೆ ಸಣ್ಣ ರೈತನ ಜಮೀನು ಅಂದ್ರೆ ಪಹಣಿಯಲ್ಲಿ ಇದ್ದಷ್ಟೇ ಅಲ್ಲ. ಪಹಣಿಯಲ್ಲಿ ಅವನ ಹೆಸರಿಲ್ಲದ ಇನ್ನರ್ಧ ಜಮೀನು ಊರಾಚೆ ಇತ್ತು, ಅದು ಹುಲ್ಲಿನ ನೆಲ.

ಬೆಣ್ಣೆ ಚಾವಡಿ

ಈಗ ಚರಿತ್ರೆಗೆ ಬರೋಣ.

ಇಡೀ ರಾಜ್ಯಕ್ಕೇ ಹುಲ್ಲಿನ ನೆಲವನ್ನ ಲೆಕ್ಕ ಇಟ್ಟು ಕಾಪಾಡಿದ ಇಲಾಖೆಯೊಂದು ಮೈಸೂರಿನಲ್ಲಿ ಇತ್ತು. ಅದರ ಬೇರು ವಿಜಯನಗರದ ಕಾಲಕ್ಕೆ ಹೋಗುತ್ತೆ. 16ನೆಯ ಶತಮಾನದ ಕೊನೆಯಲ್ಲಿ ಶ್ರೀರಂಗಪಟ್ಟಣದಲ್ಲಿ ವಿಜಯನಗರದ ಪ್ರತಿನಿಧಿಗಳು ಹಳ್ಳಿಕಾರ್ ಹಸುಗಳ ಒಂದು ಹಿಂಡು ಕಟ್ಟಿದ್ದರು. ಅದಕ್ಕೆ 'ಕರುಹಟ್ಟಿ' ಅಂತ ಹೆಸರು. ಶ್ರೀರಂಗಪಟ್ಟಣ ಒಡೆಯರ ಕೈಗೆ ಬಂದಾಗ ಹಿಂಡೂ ಜೊತೆಗೆ ಬಂತು. ಆಮೇಲೆ ಬಂದ ಒಡೆಯರು ಒಬ್ಬೊಬ್ಬರೂ ಒಂದಿಷ್ಟು ಹಸು ಸೇರಿಸಿದರು, ಒಂದಿಷ್ಟು ಮೇವಿನ ನೆಲ ಗುರುತು ಮಾಡಿ ಬಿಟ್ಟರು. ಆ ನೆಲಗಳೇ 'ಕಾವಲು'ಗಳು.

ಇದಕ್ಕೆ ಸರಿಯಾದ ಇಲಾಖೆಯ ರೂಪ ಕೊಟ್ಟವರು ಚಿಕ್ಕದೇವರಾಜ ಒಡೆಯರು (ಆಳ್ವಿಕೆ 1673-1704). ಇಲಾಖೆಯ ಹೆಸರು 'ಬೆಣ್ಣೆ ಚಾವಡಿ'. ಅರಮನೆಗೆ ಹಾಲು ಬೆಣ್ಣೆ ಒದಗಿಸೋದು, ಜೊತೆಗೆ ಎತ್ತುಗಳ ತಳಿ ಬೆಳೆಸೋದು ಎರಡೂ ಅದರ ಕೆಲಸ. ಹೈದರಾಲಿ ಪಾಳೆಯಗಾರರನ್ನ ಒಬ್ಬೊಬ್ಬರಾಗಿ ಸೋಲಿಸಿದಾಗ ಅವರ ದನಗಳನ್ನೂ ತಂದು ಇದಕ್ಕೆ ಸೇರಿಸಿದ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಅಂತ ಮೂರು ಬಗೆಯ ದನ ಸೇರಿ ಈ ಹಿಂಡು ಆಯ್ತು ಅಂತ ಹಳೇ ದಾಖಲೆಗಳು ಹೇಳುತ್ತವೆ. ಟಿಪ್ಪು ಬೆಣ್ಣೆ ಚಾವಡಿಗೆ 'ಅಮೃತ ಮಹಲ್' ಅಂತ ಹೊಸ ಹೆಸರಿಟ್ಟ. ಇಲ್ಲಿ ಮಹಲ್ ಅಂದ್ರೆ ಅರಮನೆ ಅಲ್ಲ, ಇಲಾಖೆ. ಹಿಂಡುಗಳನ್ನ ಹೇಗೆ ನೋಡ್ಕೋಬೇಕು ಅಂತ ಒಂದು ಹುಕುಂನಾಮೆಯನ್ನೂ ಹೊರಡಿಸಿದ. ಟಿಪ್ಪುವನ್ನ ಸೋಲಿಸಿದ ಇಂಗ್ಲಿಷರೇ ಆಮೇಲೂ ಆ ಹುಕುಂನಾಮೆಯ ನಿಯಮಗಳನ್ನ ಪಾಲಿಸಿಕೊಂಡು ಬಂದರು!

ಒಂದು ತಮಾಷೆ ಗೊತ್ತಾ? ಹೆಸರು ಬೆಣ್ಣೆ ಚಾವಡಿ, ಆಮೇಲೆ ಅಮೃತ. ಆದ್ರೆ ಅಮೃತ ಮಹಲ್ ಹಸು ಹಾಲಿಗೆ ಹೆಸರಾದದ್ದಲ್ಲ. ತನ್ನ ಕರುವಿಗೆ ಸಾಕಾದಷ್ಟು ಕೊಟ್ರೆ ಹೆಚ್ಚು. ಬೂದು ಮೈ, ಉದ್ದ ಮುಖ, ನೆತ್ತಿಯ ಮೇಲೆ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ಮತ್ತೆ ಮೇಲೆದ್ದು ನಿಲ್ಲೋ ಚೂಪು ಕೊಂಬು. ಗೊತ್ತಿಲ್ಲದವರು ಹತ್ತಿರ ಹೋದ್ರೆ ಕಣ್ಣು ಕೆಂಪು ಮಾಡುತ್ತೆ. ಕರೆಯೋಕೆ ಚೊಂಬು ಹಿಡಿದು ಕೂರೋ ಧೈರ್ಯ ಯಾರಿಗೂ ಇಲ್ಲ. ಈ ತಳಿಯ ನಿಜವಾದ ಹೆಸರು ಇರೋದು ಹೋರಿಗಳಲ್ಲಿ, ಎತ್ತುಗಳಲ್ಲಿ.

ತೋಪು ಎಳೆದ ಎತ್ತುಗಳು

ಈ ಭಾಗ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತೆ, ಬೇಗ ಮುಗಿಸ್ತೀನಿ. 1781ರಲ್ಲಿ ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದ. ಸೋತಾಗಲೆಲ್ಲ ಶತ್ರುವಿನ ಕಣ್ಣೆದುರೇ ತನ್ನ ತೋಪುಗಳನ್ನ ಎಳೆದುಕೊಂಡು ಹೋದ. ಟಿಪ್ಪು ಬಿದನೂರನ್ನ ಮತ್ತೆ ಗೆಲ್ಲೋಕೆ ಒಂದೇ ತಿಂಗಳಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ದಾಟಿ ಬಂದ. ಜನರಲ್ ಮೆಡೋಸ್ ಎದುರು ಎರಡು ದಿನದಲ್ಲಿ 63 ಮೈಲಿ ನಡೆದ. ಇದೆಲ್ಲ ಸಾಧ್ಯವಾದದ್ದು ಈ ಎತ್ತುಗಳಿಂದ ಅಂತ ಬರೆದವರು ಇಂಗ್ಲಿಷ್ ಅಧಿಕಾರಿಗಳೇ. 1799ರ ನಂತರ ಅವೇ ಎತ್ತುಗಳು ಅವರ ಕೈಗೆ ಬಂದವು. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆದ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲಿನ ಯುದ್ಧದಲ್ಲಿ ವೇಗವಾಗಿ ಓಡಾಡಿದ್ದಕ್ಕೂ ಇವೇ ಕಾರಣ.

ನಮ್ಮ ಇತಿಹಾಸದ ಪಾಠದಲ್ಲಿ ಕತ್ತಿ, ತೋಪು, ರಾಕೆಟ್ಟು ಎಲ್ಲ ಬರುತ್ತೆ. ತೋಪು ಎಳೆದ ಎತ್ತು ಅಪರೂಪಕ್ಕೆ ಬರುತ್ತೆ. ಆ ಎತ್ತು ಏನು ತಿಂದು ಆ ಕಸುವು ಪಡೆಯಿತು ಅನ್ನೋದು ಬರೋದೇ ಇಲ್ಲ. ಈ ಎತ್ತುಗಳು ಕೊಟ್ಟಿಗೆಯಲ್ಲಿ ಹುಟ್ಟಿದವಲ್ಲ. ಬಯಲಲ್ಲಿ ಹುಟ್ಟಿ, ಬಯಲಲ್ಲೇ ಬೆಳೆದು, ಪಳಗಿಸೋ ಹೊತ್ತಿಗೆ ಕಾಡುಮೃಗದ ಹಾಗೆ ಇರ್ತಿದ್ವು. ಮೂರು ನಾಲ್ಕು ವರ್ಷ ಬರೀ ಹುಲ್ಲು ತಿಂದು, ನೀರಿಗಾಗಿ ಮೈಲಿಗಟ್ಟಲೆ ನಡೆದು, ಬಿಸಿಲು ಮಳೆ ಎರಡನ್ನೂ ಮೈಮೇಲೆ ತಗೊಂಡು ಗಟ್ಟಿಯಾದ ಕಾಲು ಗೊರಸು ಅವು. ಆ ಕಾಲನ್ನ ರೂಪಿಸಿದ್ದು ಕಾವಲು.

ಮೂರು ಕಾಲಕ್ಕೆ ಮೂರು ಕಾವಲು

ನನ್ನನ್ನ ನಿಜವಾಗಿ ಬೆರಗುಗೊಳಿಸೋದು ಯುದ್ಧದ ಕಥೆ ಅಲ್ಲ, ಕಾವಲುಗಳ ವ್ಯವಸ್ಥೆ.

ಕಾವಲುಗಳನ್ನ ಮೂರು ಬಗೆಯಾಗಿ ವಿಂಗಡಿಸಿದ್ದರು: ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು. ಒಣ ಬಯಲಿನಲ್ಲಿದ್ದು ಮಳೆ ಬಂದಾಗ ಮಾತ್ರ ಹಸಿರಾಗೋವು ಮಳೆಗಾಲಕ್ಕೆ. ಹುಲ್ಲು ದಟ್ಟವಾಗಿ ಬೆಳೆದು ಮಳೆ ನಿಂತ ಮೇಲೂ ಕೆಲವು ತಿಂಗಳು ನಿಲ್ಲೋವು ಚಳಿಗಾಲಕ್ಕೆ. ಕೆರೆ ಅಂಗಳ, ಹಳ್ಳದ ದಂಡೆ, ಮರದ ನೆರಳು ಇರೋವು ಬೇಸಿಗೆಗೆ. ಬೇಸಿಗೆ ಕಾವಲು ಕಡಿಮೆ, ಹಾಗಾಗಿ ಅವಕ್ಕೇ ಬೆಲೆ ಹೆಚ್ಚು. ಹಿಂಡುಗಳು ಕಾಲಕ್ಕೆ ತಕ್ಕ ಹಾಗೆ ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆದು ಹೋಗೋವು. ಹಿಂಡಿಗೆ ಮೇಲ್ವಿಚಾರಕರಾಗಿ ಸರ್ವೇಗಾರರು ಇರ್ತಿದ್ರು, ನೆಲಕ್ಕೆ ಕಾವಲುಗಾರರು.

ಇದರಲ್ಲಿ ಏನು ವಿಶೇಷ ಅಂತೀರಾ? ಹುಲ್ಲಿನ ಸ್ವಭಾವ ನೋಡಿ. ಬಹುವಾರ್ಷಿಕ ಹುಲ್ಲು ಮೊದಲ ಮಳೆಗೆ ಬೇರಿನಲ್ಲಿ ಕೂಡಿಟ್ಟ ಶಕ್ತಿಯಿಂದ ಚಿಗುರುತ್ತೆ. ಆ ಎಳೆ ಚಿಗುರನ್ನ ದನ ಮತ್ತೆ ಮತ್ತೆ ಕಚ್ಚಿದ್ರೆ ಬೇರು ಬರಿದಾಗುತ್ತೆ. ಒಂದು ವರ್ಷ ತಡೆದುಕೊಳ್ಳುತ್ತೆ, ಎರಡು ವರ್ಷ ತಡೆದುಕೊಳ್ಳುತ್ತೆ, ಆಮೇಲೆ ಸಾಯುತ್ತೆ. ಅದರ ಜಾಗಕ್ಕೆ ಒಂದೇ ಮಳೆಗೆ ಹುಟ್ಟಿ ಒಂದೇ ಬಿಸಿಲಿಗೆ ಸಾಯೋ ಪುಡಿ ಹುಲ್ಲು ಬರುತ್ತೆ, ಇಲ್ಲ ದನ ಮೂಸಿಯೂ ನೋಡದ ಕಳೆ ಬರುತ್ತೆ. ಅದೇ ಹುಲ್ಲಿಗೆ ಮಳೆಗಾಲ ಮುಗಿಯೋವರೆಗೆ ಬಿಡುವು ಕೊಟ್ಟು, ತೆನೆ ಬಿಟ್ಟು ಬೀಜ ಉದುರಿದ ಮೇಲೆ ದನ ಬಿಟ್ರೆ ನೂರು ವರ್ಷ ಮೇಯಿಸಿದರೂ ಹುಲ್ಲು ಇರುತ್ತೆ. ದನದ ಗೊರಸು ಬೀಜವನ್ನ ಮಣ್ಣಿಗೆ ತುಳಿಯುತ್ತೆ, ಸಗಣಿ ಗೊಬ್ಬರವಾಗುತ್ತೆ.

ಇವತ್ತು 'ರೊಟೇಷನಲ್ ಗ್ರೇಜಿಂಗ್' ಅಂತ ಹೊರದೇಶದ ರೈತರ ವಿಡಿಯೋ ನೋಡಿ ನಾವು ಬೆರಗಾಗ್ತೀವಿ. ಮೈಸೂರಿನ ಬೆಣ್ಣೆ ಚಾವಡಿ ಬೇಲಿ ಇಲ್ಲದೇನೆ, ಬರೀ ಕಾವಲುಗಾರನ ಕೋಲಿನಿಂದ ಅದನ್ನೇ ಮಾಡ್ತಾ ಇತ್ತು. 'ಕಾವಲು' ಅನ್ನೋ ಪದವನ್ನೇ ನೋಡಿ. ಹುಲ್ಲು ಇರೋ ಜಾಗ ಅಂತಲ್ಲ, *ಕಾಯ್ದ* ಜಾಗ ಅಂತ. ಬೆಂಗಳೂರಿನ ಜಾರಕಬಂಡೆ ಕಾವಲ್ ಅನ್ನೋ ಹೆಸರಲ್ಲೂ ಆ ಪದ ಹಾಗೇ ಉಳಿದಿದೆ.

ಹಾಗಂತ ಸ್ವರ್ಗ ಏನಲ್ಲ

ಇಷ್ಟು ಓದಿ, ಆಹಾ ಆ ಕಾಲವೇ ಚೆನ್ನ ಅಂತ ಅಂದುಕೊಳ್ಳಬೇಡಿ. ಅರಸರು ಹುಲ್ಲು ಕಾಯ್ದದ್ದು ಬಡ ರೈತನ ಮೇಲಿನ ಪ್ರೀತಿಗಲ್ಲ, ದಂಡಿಗೆ ಎತ್ತು ಬೇಕು ಅಂತ. ಕಾವಲಿನ ಪಕ್ಕದ ಊರಿನವರಿಗೆ ಕಾವಲುಗಾರ ಅಂದ್ರೆ ಭಯ. ಒಳಗೆ ನುಗ್ಗಿದ ದನವನ್ನ ದೊಡ್ಡಿಗೆ ಹಾಕಿದ್ರೆ ದಂಡ ಕಟ್ಟಿ ಬಿಡಿಸಿಕೊಂಡು ಬರಬೇಕು. ಕಣ್ಣೆದುರು ಮೊಣಕಾಲೆತ್ತರ ಹುಲ್ಲು, ಕೊಟ್ಟಿಗೆಯಲ್ಲಿ ಹಸಿದ ಹಸು, ನಡುವೆ ಸರ್ಕಾರದ ಕೋಲು. ಇದೂ ಆ ಚರಿತ್ರೆಯ ಭಾಗವೇ.

1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಎರಡು ಬಗೆಯ ದನಗಳನ್ನ ಬೇರೆ ಬೇರೆಯಾಗಿಯೇ ಗುರುತಿಸಿದ್ದಾನೆ. ಊರೊಳಗೆ ರೈತರ ಮನೆಯ ಚಿಕ್ಕ, ಸಾಧು ದನ ಒಂದು. ಊರಾಚೆ ಗೊಲ್ಲರು ಸಾಕುವ ದೊಡ್ಡ, ಬೆಳ್ಳನೆಯ, ಉಗ್ರ ದನ ಇನ್ನೊಂದು. ಗೋವಿನ ಹಾಡಿನ ಕಾಳಿಂಗ ಗೊಲ್ಲನ ಹಿಂಡು ಕಾಡಂಚಿನಲ್ಲಿ ಮೇಯುತ್ತಿತ್ತಲ್ಲ, ಅದೇ ಲೋಕ.

ಆದ್ರೂ ಎರಡು ಲೋಕಕ್ಕೂ ಸಂಬಂಧ ಇತ್ತು. ಹಿಂಡಿನ ಹೋರಿಗಳ ರಕ್ತ ಸುತ್ತಮುತ್ತಲ ಊರಿನ ದನಗಳಿಗೆ ಹರಿಯೋದು. ಒಣ ಸೀಮೆಯಲ್ಲಿ ಹುಟ್ಟಿದ ಹೋರಿಕರುಗಳು ಜಾತ್ರೆಗೆ ಬರೋವು. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ, ಚುಂಚನಕಟ್ಟೆ, ಮುಡುಕುತೊರೆ ಇವೆಲ್ಲ ದೇವರ ಜಾತ್ರೆಯೂ ಹೌದು, ದನದ ಜಾತ್ರೆಯೂ ಹೌದು. ನೀರಾವರಿ ಕಡೆಯ ರೈತ ಒಂದು ಜೊತೆ ಹೋರಿಕರು ಕೊಂಡು, ಮೂಗುದಾರ ಹಾಕಿ, ಹಗುರ ಕೆಲಸ ಕಲಿಸಿ, ಎರಡು ಮೂರು ವರ್ಷ ತನ್ನ ಉಳುಮೆ ಮಾಡಿಕೊಂಡು, ಬಾಯಿಗೂಡೋ ಹೊತ್ತಿಗೆ ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರೋನು. ಬಂದ ಹಣದಲ್ಲಿ ಮತ್ತೊಂದು ಜೊತೆ ಕರು. ಸಣ್ಣ ಹಿಡುವಳಿಯ ಮನೆಗೆ ಇದು ಬ್ಯಾಂಕು ಇದ್ದ ಹಾಗೆ. ಮಗಳ ಮದುವೆಗೆ, ಬಾವಿ ತೋಡಿಸೋಕೆ ದುಡ್ಡು ಬರ್ತಿದ್ದದ್ದು ಆ ಜೊತೆಯಿಂದ. ಆ ಬ್ಯಾಂಕಿನ ಮೂಲ ಠೇವಣಿ ಎಲ್ಲೋ ಚಿತ್ರದುರ್ಗದ, ಕಡೂರಿನ ಬಯಲ ಹುಲ್ಲಿನಲ್ಲಿ ಇತ್ತು.

1860: ಒಂದು ಉಳಿತಾಯದ ಕಥೆ

1799ರ ನಂತರ ಹಿಂಡಿನ ಉಸ್ತುವಾರಿ ಕೆಲ ಕಾಲ ಮೈಸೂರು ಸರ್ಕಾರದ ಕೈಯಲ್ಲಿತ್ತು. ಹಿಂಡು ಕ್ಷೀಣಿಸ್ತು ಅಂತ 1813ರಲ್ಲಿ ಮದ್ರಾಸ್ ಸೇನೆಯ ಸರಬರಾಜು ವಿಭಾಗದ ಕ್ಯಾಪ್ಟನ್ ಹಾರ್ವೆಗೆ ವಹಿಸಿದರು. ಹಿಂಡು ಚೇತರಿಸಿಕೊಳ್ತು, ನಾಲ್ಕು ದಶಕ ಚೆನ್ನಾಗಿಯೇ ನಡೀತು.

1860ರಲ್ಲಿ ಮದ್ರಾಸಿನ ಗವರ್ನರ್ ಆಗಿದ್ದವರು ಸರ್ ಚಾರ್ಲ್ಸ್ ಟ್ರೆವೆಲ್ಯನ್. ಖರ್ಚು ಕಡಿಮೆ ಮಾಡಬೇಕು, ಸರ್ಕಾರ ಯಾಕೆ ದನ ಸಾಕಬೇಕು, ಬೇಕಾದಾಗ ಸಂತೆಯಲ್ಲಿ ಎತ್ತು ಕೊಂಡರಾಯ್ತು ಅನ್ನೋ ಲೆಕ್ಕಾಚಾರ. ಹಿಂಡುಗಳನ್ನ ಹರಾಜು ಹಾಕಿದರು. ಇನ್ನೂರು ಮುನ್ನೂರು ವರ್ಷ ಕಟ್ಟಿದ ಹಿಂಡು ಚೆಲ್ಲಾಪಿಲ್ಲಿಯಾಯ್ತು. ಒಂದಷ್ಟು ದನ ಈಜಿಪ್ಟಿನ ಪಾಷಾನಿಗೂ ಹೋದವು.

ಆಮೇಲೆ ಏನಾಯ್ತು? ನಾಲ್ಕೈದು ವರ್ಷದಲ್ಲೇ ಸೇನೆಗೆ ಬೇಕಾದ ಎತ್ತು ಸಿಗದೆ ಹೋಯ್ತು. ಸಂತೆಗೆ ಬರ್ತಿದ್ದ ಒಳ್ಳೆ ಎತ್ತಿನ ಮೂಲವೇ ಆ ಹಿಂಡು ಅನ್ನೋದು ಆಗ ಅರ್ಥವಾಯ್ತು. 1866ರಲ್ಲಿ ಮತ್ತೆ ಇಲಾಖೆ ಶುರು ಮಾಡಬೇಕಾಯ್ತು. ಚದುರಿಹೋಗಿದ್ದ ದನಗಳನ್ನ ಮತ್ತೆ ಕಲೆಹಾಕಿ ಹಿಂಡು ಕಟ್ಟಿದರು. ರಾಜ್ಯ ಒಡೆಯರಿಗೆ ವಾಪಸ್ ಬಂದ ಮೇಲೆ, 1882ರಲ್ಲಿ, ಅಮೃತ ಮಹಲ್ ಕೂಡ ಮೈಸೂರು ಸರ್ಕಾರಕ್ಕೆ ಬಂತು.

1860ರ ತಪ್ಪನ್ನ ಆರೇ ವರ್ಷದಲ್ಲಿ ತಿದ್ದಿಕೊಳ್ಳೋಕೆ ಯಾಕೆ ಸಾಧ್ಯವಾಯ್ತು ಅಂತ ನಾನು ಯೋಚಿಸಿದ್ದೀನಿ. ನನಗೆ ಹೊಳೆಯೋ ಉತ್ತರ ಇದು: ದನ ಮಾರಿದ್ದರು, ಆದ್ರೆ ನೆಲ ಇನ್ನೂ ನೆಲವಾಗಿಯೇ ಇತ್ತು. ಹುಲ್ಲು ಬೆಳೀತಾ ಇತ್ತು. ಹಿಂಡನ್ನ ಮತ್ತೆ ತಂದು ಬಿಡೋಕೆ ಜಾಗ ಇತ್ತು. ಮುಂದಿನ ಶತಮಾನದಲ್ಲಿ ನಡೆದದ್ದು ಇದರ ಉಲ್ಟಾ. ದನ ಉಳಿಸಿಕೊಂಡರು, ನೆಲ ಬಿಟ್ಟುಕೊಟ್ಟರು.

ನಾಲ್ಕು ಲಕ್ಷ ಎಕರೆ ಎಲ್ಲಿ ಹೋಯ್ತು?

ಮೈಸೂರು ಗೆಜೆಟಿಯರ್ ಕಾಲದಲ್ಲಿ ಅಮೃತ ಮಹಲ್ ಕಾವಲುಗಳ ಒಟ್ಟು ವಿಸ್ತೀರ್ಣ ನಾಲ್ಕು ಲಕ್ಷ ಎಕರೆಗೂ ಮಿಕ್ಕಿ ಇತ್ತು. ಇವತ್ತು ಕಾವಲಾಗಿ ಉಳಿದಿರೋದು ಅದರ ಸಣ್ಣ ಪಾಲು ಮಾತ್ರ.

ಒಂದೇ ದಿನ ಹೋದದ್ದಲ್ಲ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಆಹಾರದ ಅಭಾವ, 'ಹೆಚ್ಚು ಬೆಳೆಯಿರಿ' ಅನ್ನೋ ಕೂಗು. ಹುಲ್ಲಿನ ನೆಲವನ್ನ ಉತ್ತು ಬಿತ್ತೋಕೆ ಕೊಟ್ಟರು. ಆಮೇಲೆ ಭೂಮಿ ಇಲ್ಲದವರಿಗೆ ಮಂಜೂರಾತಿ. ಇದನ್ನ ಅನ್ಯಾಯ ಅಂತ ಹೇಳೋ ಬಾಯಿ ನನಗಿಲ್ಲ. ತಲೆತಲಾಂತರದಿಂದ ಅಂಗೈಯಗಲ ಜಮೀನಿಲ್ಲದೆ ಇದ್ದವನಿಗೆ ಎರಡು ಎಕರೆ ಸಿಕ್ಕಿದ್ದು ದೊಡ್ಡ ವಿಷಯವೇ. ಆದ್ರೆ ಎಲ್ಲವೂ ಅಂಥವರಿಗೇ ಹೋಗಲಿಲ್ಲ. ಕಾಲೋನಿ, ಕಾರ್ಖಾನೆ, ನೆಡುತೋಪು, ಒತ್ತುವರಿ ಅಂತ ತುಂಡು ತುಂಡಾಗಿ ಹೋಯ್ತು. ಹುಲ್ಲುಗಾವಲಿನ ದುರದೃಷ್ಟ ಏನಂದ್ರೆ ಅದು ಕಾಡಿನ ಹಾಗೆ ಕಾಣೋದಿಲ್ಲ. ಬೇಸಿಗೆಯಲ್ಲಿ ಬಂದು ನೋಡಿದ ಅಧಿಕಾರಿಗೆ ಅದು 'ಪಾಳು ಭೂಮಿ'. ಖಾಲಿ ಬಿದ್ದಿದೆ, ಏನಾದ್ರೂ ಉಪಯೋಗಕ್ಕೆ ತರೋಣ ಅನಿಸುತ್ತೆ. ಮರ ನೆಡೋಣ ಅಂತ ಬಂದವರೂ ಅದನ್ನ ಕೆಡಿಸಿದವರೇ. ಹುಲ್ಲು ಬೆಳೆಯೋ ನೆಲಕ್ಕೆ ನೀಲಗಿರಿ, ಅಕೇಶಿಯಾ ನೆಟ್ಟರೆ ನೆರಳು ಬರುತ್ತೆ, ಹುಲ್ಲು ಹೋಗುತ್ತೆ.

ಇದೇ ಹೊತ್ತಿಗೆ ರೈತನ ಮನೆಯಲ್ಲೂ ಬದಲಾವಣೆ ಆಗ್ತಾ ಇತ್ತು. ಟ್ರ್ಯಾಕ್ಟರ್ ಬಂತು, ಎತ್ತು ಬೇಡವಾಯ್ತು. 1970ರಲ್ಲಿ ಶುರುವಾದ ಕ್ಷೀರ ಕ್ರಾಂತಿ ಹಳ್ಳಿ ಹಳ್ಳಿಗೆ ಡೈರಿ ತಂತು, ಹೆಣ್ಣುಮಕ್ಕಳ ಕೈಗೆ ದುಡ್ಡು ತಂತು. ಹಾಲಿಗೆ ಹೆಚ್ಚೆಫ್, ಜೆರ್ಸಿ ಮಿಶ್ರತಳಿ ಬಂತು. ಈ ಹಸು ಬಯಲಲ್ಲಿ ಹತ್ತು ಮೈಲಿ ನಡೆಯೋದಲ್ಲ, ಕಟ್ಟಿದ ಜಾಗದಲ್ಲಿ ಬೂಸ, ಹಿಂಡಿ, ಫೀಡು, ನೇಪಿಯರ್ ಹುಲ್ಲು ತಿನ್ನೋದು. ಗೋಮಾಳ ಇಲ್ಲದೆಯೂ ಹಸು ಸಾಕಬಹುದು ಅಂತ ಆಯ್ತು. ಅದರಿಂದ ಎಷ್ಟೋ ಸಂಸಾರ ನೆಟ್ಟಗಾದವು, ಇಲ್ಲ ಅನ್ನೋಕಾಗಲ್ಲ. ಜೊತೆಗೇ ಇನ್ನೊಂದೂ ಆಯ್ತು. ಗೋಮಾಳ ಹೋದ್ರೆ ಹೋಯ್ತು ಬಿಡು ಅನ್ನೋರ ಸಂಖ್ಯೆ ಊರಲ್ಲಿ ಹೆಚ್ಚಾಯ್ತು. ಕೊನೆಗೆ ಗೋಮಾಳದ ಮೇಲೆ ಕಣ್ಣೀರು ಹಾಕೋಕೆ ಉಳಿದವರು ಕುರಿಯವರು, ಮೇಕೆಯವರು, ಡೈರಿ ಹಸು ಕೊಳ್ಳೋಕೆ ಸಾಲ ಸಿಗದವರು.

ಹನ್ನೆರಡು ಗುಂಟೆ

ಕಾನೂನು ಏನು ಹೇಳುತ್ತೆ ನೋಡೋಣ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯಲ್ಲಿ ಊರ ದನಗಳ ಉಚಿತ ಮೇವಿಗೆ ನೆಲ ಬಿಡಬೇಕು ಅನ್ನೋ ಅವಕಾಶ ಇದೆ. 1966ರ ನಿಯಮಗಳಲ್ಲಿ ಅದರ ಅಳತೆಯೂ ಇದೆ: ನೂರು ದನಕ್ಕೆ 12 ಹೆಕ್ಟೇರ್. ಅಂದ್ರೆ ಸುಮಾರು 30 ಎಕರೆ. ಒಂದು ದನಕ್ಕೆ 12 ಗುಂಟೆ.

ಮೇಲೆ ಮಾಡಿದ ಲೆಕ್ಕ ನೆನಪಿದೆಯಾ? ಹನ್ನೆರಡು ಗುಂಟೆಯಲ್ಲಿ ಒಳ್ಳೆ ಮಳೆ ವರ್ಷದಲ್ಲಿ ಮುನ್ನೂರು ಕೆಜಿ ಒಣಹುಲ್ಲು. ಒಂದು ಹಸುವಿಗೆ ಒಂದೂವರೆ ತಿಂಗಳ ಮೇವು. ಅದೂ ಆ ಗೋಮಾಳ ಒತ್ತುವರಿ ಇಲ್ಲದೆ, ಜಾಲಿ ಮುಳ್ಳು ತುಂಬದೆ, ಪಾರ್ಥೇನಿಯಂ ಹಬ್ಬದೆ ಇದ್ದರೆ. 1991ರಲ್ಲಿ ಬಗರ್ ಹುಕುಂ ಸಾಗುವಳಿ ಸಕ್ರಮಕ್ಕೆ ಕಾಯ್ದೆಯಲ್ಲಿ ಹೊಸ ಕಲಮು ಸೇರಿದ ಮೇಲೆ ದನದ ಸಂಖ್ಯೆಗೆ 'ಹೆಚ್ಚಾದ' ಗೋಮಾಳ ಎಷ್ಟು ಅನ್ನೋ ಲೆಕ್ಕ ಊರೂರಲ್ಲಿ ಮುಖ್ಯವಾಯ್ತು. ದನ ಕಮ್ಮಿಯಾದಷ್ಟೂ ಗೋಮಾಳ 'ಹೆಚ್ಚು' ಅನಿಸಿಕೊಳ್ಳುತ್ತೆ. ಗೋಮಾಳ ಕಮ್ಮಿಯಾದಷ್ಟೂ ದನ ಕಮ್ಮಿಯಾಗುತ್ತೆ. ಈ ಸುಳಿಯಿಂದ ಹೊರಬಂದ ಊರನ್ನ ನಾನಂತೂ ನೋಡಿಲ್ಲ. ಊರ ಸಾಮೂಹಿಕ ನೆಲದ ಒತ್ತುವರಿ ತೆರವು ಮಾಡಬೇಕು ಅಂತ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿದೆ. ಹೇಳಿದ್ದು ನಿಜ.

ಚಳ್ಳಕೆರೆ

ಕಾವಲುಗಳ ಕಥೆಯ ಇತ್ತೀಚಿನ ದೊಡ್ಡ ಅಧ್ಯಾಯ ಚಳ್ಳಕೆರೆಯದು. ಖುದಾಪುರ ಕಾವಲು, ವರವು ಕಾವಲು, ಉಳ್ಳಾರ್ತಿ ಕಾವಲು. ಕುರಿ, ದನ, ಕಂಬಳಿ ನೇಯ್ಗೆ ಇವುಗಳಿಂದ ಬದುಕೋ ಹಳ್ಳಿಗಳ ನಡುವಿನ ಬಯಲು. 2010ರ ಆಸುಪಾಸಿನಲ್ಲಿ ಇಲ್ಲಿನ ಸುಮಾರು 10 ಸಾವಿರ ಎಕರೆಯನ್ನ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಬೇಲಿ, ಗೋಡೆ ಎದ್ದ ಮೇಲೆ ಊರಿನವರು ಬೀದಿಗಿಳಿದರು, ಹಸಿರು ನ್ಯಾಯಮಂಡಳಿಗೆ ಹೋದರು. 2014ರಲ್ಲಿ ಷರತ್ತುಗಳ ಮೇಲೆ ಯೋಜನೆಗಳು ಮುಂದುವರಿಯಬಹುದು ಅಂತ ತೀರ್ಪು ಬಂತು. 2017ರಲ್ಲಿ ಅಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯೂ ಆಯ್ತು.

ದೇಶಕ್ಕೆ ಸಂಶೋಧನಾ ಕೇಂದ್ರ ಬೇಡ ಅಂತ ನಾನು ಹೇಳ್ತಾ ಇಲ್ಲ. ಆದ್ರೆ ಒಂದು ವಿಚಿತ್ರ ನನ್ನನ್ನ ಕಾಡುತ್ತೆ. ಈ ನೆಲವನ್ನ ಮೊದಲು ಕಾಯ್ದದ್ದೂ ಯುದ್ಧಕ್ಕಾಗಿ, ತೋಪು ಎಳೆಯೋ ಎತ್ತಿಗಾಗಿ. ಈಗ ಬೇಲಿ ಹಾಕಿದ್ದರಲ್ಲೂ ದೊಡ್ಡ ಪಾಲು ರಕ್ಷಣೆಗಾಗಿಯೇ. ಆದ್ರೆ ಹೈದರಾಲಿಯ ಯುದ್ಧಕ್ಕೆ ಹುಲ್ಲು ಬೇಕಿತ್ತು, ಹಾಗಾಗಿ ಹುಲ್ಲಿನ ಜೊತೆ ದನ, ದನದ ಜೊತೆ ಗೊಲ್ಲ, ಗೊಲ್ಲನ ಜೊತೆ ಜಾತ್ರೆಗೆ ಬರೋ ರೈತ ಎಲ್ಲರೂ ಹೇಗೋ ಬದುಕಿಕೊಂಡರು. ಈಗಿನ ಯುದ್ಧಕ್ಕೆ ಹುಲ್ಲು ಬೇಕಿಲ್ಲ. ಬರೀ ಜಾಗ ಸಾಕು.

ಉಳಿದದ್ದು

ಎಲ್ಲ ಮುಗಿದಿಲ್ಲ. ಅಜ್ಜಂಪುರದಲ್ಲಿ ಪಶುಸಂಗೋಪನಾ ಇಲಾಖೆಯ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರ ಇದೆ. ಬೀರೂರು, ಲಿಂಗದಹಳ್ಳಿ, ಬಾಸೂರು ಕಡೆಯ ಕಾವಲುಗಳಲ್ಲಿ ಇನ್ನೂ ಹಿಂಡು ಮೇಯುತ್ತೆ. ಅಲ್ಲಿ ಹೋರಿಕರುಗಳ ಹರಾಜು ನಡೆದಾಗ ಬೇರೆ ಬೇರೆ ಜಿಲ್ಲೆಗಳಿಂದ ರೈತರು ಬರ್ತಾರೆ, ಜೊತೆಗೆ ಪೈಪೋಟಿಯಲ್ಲಿ ಕೂಗ್ತಾರೆ. ಟ್ರ್ಯಾಕ್ಟರ್ ಇರೋ ಮನೆಯವರೂ ಬರ್ತಾರೆ. ಬಾಸೂರು ಕಾವಲನ್ನ 2011ರಲ್ಲಿ ಕೃಷ್ಣಮೃಗಗಳ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ದನಕ್ಕಾಗಿ ಕಾಯ್ದ ಹುಲ್ಲಿನಲ್ಲಿ ಕೃಷ್ಣಮೃಗ, ತೋಳ, ನರಿಗಳೂ ಬದುಕಿಕೊಂಡವು.

ಈಗ ದೇಸಿ ತಳಿ ಉಳಿಸಬೇಕು ಅನ್ನೋ ಮಾತು ಜೋರಾಗಿದೆ. ಒಳ್ಳೆಯದೇ. ವೀರ್ಯ ಕಡ್ಡಿಯಲ್ಲಿ, ದ್ರವ ಸಾರಜನಕದ ಡಬ್ಬದಲ್ಲಿ ತಳಿ ಉಳಿಸಬಹುದು. ಕೊಂಬು, ಬಣ್ಣ, ಮುಖ ಎಲ್ಲ ಹಾಗೇ ಬರುತ್ತೆ. ಆದ್ರೆ ಅಮೃತ ಮಹಲ್ ಅನ್ನೋದು ಕೊಂಬಿನ ಆಕಾರ ಮಾತ್ರ ಅಲ್ಲ. ಕಡಿಮೆ ಮೇವಿನಲ್ಲಿ ಬದುಕೋದು, ದೂರ ನಡೆಯೋದು, ಬರಗಾಲ ತಡೆಯೋದು, ಕರುವನ್ನ ತೋಳದಿಂದ ಕಾಯೋದು ಇದೆಲ್ಲ ತಲೆಮಾರು ತಲೆಮಾರಾಗಿ ಬಯಲು ಆಯ್ದು ಉಳಿಸಿದ ಗುಣ. ಆಯ್ಕೆ ಮಾಡ್ತಿದ್ದ ಬಯಲೇ ಇಲ್ಲದಿದ್ರೆ ಇನ್ನು ಕೆಲವು ತಲೆಮಾರಿಗೆ ಆ ಗುಣ ಉಳಿಯುತ್ತಾ?

ಸಣ್ಣ ರೈತನ ಮಟ್ಟಿಗೂ ಇದೇ ಮಾತು. ಎರಡು ಎಕರೆಯವನಿಗೆ "ನಾಟಿ ಹಸು ಸಾಕು, ಹುಲ್ಲು ಮೇಯಿಸು, ತುಪ್ಪಕ್ಕೆ ಒಳ್ಳೆ ರೇಟಿದೆ" ಅಂತ ಸಲಹೆ ಕೊಡೋರು ಬಹಳ ಜನ. ಹುಲ್ಲು ಎಲ್ಲಿ ಅಂತ ಅವನು ಕೇಳಿದ್ರೆ ಉತ್ತರ ಇಲ್ಲ. ಗೋಮಾಳ ಉಳಿದ ಊರಲ್ಲಿ ಈ ಸಲಹೆಗೆ ಅರ್ಥ ಇದೆ. ಗೋಮಾಳ ಹೋದ ಊರಲ್ಲಿ ನಾಟಿ ಹಸು ಸಾಕೋದು ಹತ್ತಿಪ್ಪತ್ತು ಎಕರೆ ಇರೋ, ಬೆಂಗಳೂರಿನಲ್ಲಿ ಕೆಲಸ ಇರೋ ಶ್ರೀಮಂತರ ಹವ್ಯಾಸವಾಗುತ್ತೆ ಅಷ್ಟೇ. ಊರ ಸರ್ವೆ ನಕ್ಷೆ ತೆಗೆಸಿ ಗೋಮಾಳ ಎಷ್ಟಿತ್ತು, ಎಷ್ಟಿದೆ ಅಂತ ನೋಡೋದು, ಇರೋದಕ್ಕೆ ಮಳೆಗಾಲದ ಮೂರು ತಿಂಗಳು ದನ ಬಿಡದೆ ಬಿಡುವು ಕೊಡೋದು, ಜಾಲಿ ಕಡಿಯೋದು – ಇವು ಪಂಚಾಯಿತಿ ಮಟ್ಟದಲ್ಲಿ ಮನಸ್ಸು ಮಾಡಿದ್ರೆ ಆಗೋ ಕೆಲಸಗಳು. ಬೆಣ್ಣೆ ಚಾವಡಿಯವರು ಮಾಡಿದ್ದೂ ಇದಕ್ಕಿಂತ ಹೆಚ್ಚಿನದೇನಲ್ಲ.

ಕೊನೆಗೊಂದು ಕೋರಿಕೆ. ಹುಲ್ಲಿನ ನೆಲಕ್ಕೆ ನಿಮ್ಮ ಕಡೆ ಏನಂತಾರೆ? ನಮ್ಮಲ್ಲಿ ಗೋಮಾಳ, ಕಾವಲು, ಹುಲ್ಲುಬನ್ನಿ. ಉತ್ತರ ಕರ್ನಾಟಕದವರು ಗಾಯರಾಣ ಅಂತಾರೆ, ಮಲೆನಾಡು ಕರಾವಳಿಯವರಿಗೆ ಬೇಣ, ಕುಮ್ಕಿ ಅಂತ ಬೇರೆಯೇ ವ್ಯವಸ್ಥೆ ಇದೆ. ನಿಮ್ಮ ಊರಿನ ಪದ, ಅಲ್ಲಿ ಯಾವ ಕಾಲಕ್ಕೆ ದನ ಬಿಡ್ತಿದ್ರು, ಈಗ ಆ ಜಾಗದಲ್ಲಿ ಏನಿದೆ ಅಂತ ಗೊತ್ತಿದ್ರೆ ಬರೆಯಿರಿ. ಗೊತ್ತಿಲ್ಲದಿದ್ರೆ ಮನೆಯ ಹಿರಿಯರನ್ನ ಕೇಳಿ ಬರೆಯಿರಿ. ಅವರಿಗೆ ಹುಲ್ಲಿನ ಹೆಸರುಗಳೂ ನೆನಪಿದ್ರೆ ಅದನ್ನೂ ಬರೆದಿಡಿ, ಕಲೆಹಾಕಿ ಇನ್ನೊಮ್ಮೆ ಹಾಕ್ತೀನಿ.